ಅವ್ವನಿಗೆ ನಾನು ಕೊಡಿಸಿದ ವಿಶ್ರಾಂತಿ

ಅವ್ವನ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಾಗಿರುವುದನ್ನು ನಾನು ಗಮನಿಸಿದ್ದು, ಮೈಸೂರಿನ ಮಾನಸಿಕ ರೋಗಿಗಳ ವಾರ್ಡಿಗೆ ಅವಳನ್ನು ಸೇರಿಸಿದ ಹನ್ನೆರಡನೆಯ ದಿನ. ಮುಟ್ಟಿದೆ. ಬಿಸಿಯಿತ್ತು.

ಅವ್ವನಿಗೆ ಆಗ ಅರವತ್ತೆಂಟು. ಖಿನ್ನತೆಯಿಂದ ಮಾತನ್ನೂ ಊಟವನ್ನೂ ಬಿಟ್ಟಿದ್ದಳು. ನಮ್ಮೂರು ತಿಗನಾರೆಯಲ್ಲಿ ಜೀವಮಾನವಿಡೀ ಪರರ ಹೊಲದಲ್ಲಿ ಬಗ್ಗಿ ಕಳೆ ಕಿತ್ತವಳು. ಜ್ವರ ಬಂದಾಗಲೂ ಹಗಲಿನಲ್ಲಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಆದ್ದರಿಂದ ಮಾತ್ರೆಗಳ ಮಂಪರಿನಲ್ಲಿ ಅವಳು ಮಂಚದ ಮೇಲೆ ಸುಮ್ಮನೆ ಮಲಗಿರುವುದು ಮಗಳಾದ ನನಗೆ ಒಂದು ಬಗೆಯ ನ್ಯಾಯವೆಂದೇ ತೋರಿತು. ನರ್ಸ್ "ಅಜ್ಜೀನ ಸ್ವಲ್ಪ ನಡೆಸಿ" ಎಂದಾಗಲೆಲ್ಲ, "ಮಲಗಲಿ ಬಿಡಿ ಸಿಸ್ಟರ್" ಎನ್ನುತ್ತಿದ್ದೆ. ಗಂಜಿ, ನೀರು, ಬೆಡ್‌ಪ್ಯಾನ್ ಎಲ್ಲವೂ ಮಂಚಕ್ಕೇ.

ಕಾಲು ಊದಿದೆಯೆಂದು ಕಾಯಿನ್ ಬಾಕ್ಸ್ ಫೋನಿನಿಂದ ಊರಿಗೆ ತಿಳಿಸಿದೆ. ಮರುದಿನ ಚಿಕ್ಕವ್ವ ಹರಳೆಣ್ಣೆಯೊಂದಿಗೆ ಬಂದಳು.

"ಇದ್ಕ್ಯಾಕ ಎದರ್ತಿಯ ಮಗ? ನೀವುದ್ರ ಇಳ್ದೋಯ್ತದ."

ನಮ್ಮಲ್ಲಿ ಹೊಲದಿಂದ ಬಂದವರ ಕಾಲು ನೀವುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಚಿಕ್ಕವ್ವ ಎಣ್ಣೆ ಹಚ್ಚಿ ನೀವತೊಡಗಿದಾಗ, ಪದವಿ ಪಡೆದಿದ್ದ ನಾನೂ ಕಾಲನ್ನು ಅಲುಗದಂತೆ ಹಿಡಿದುಕೊಂಡೆ.

"ನಿಲ್ಲಿಸಿ!"

ರೌಂಡ್ಸಿಗೆ ಬಂದ ಡಾಕ್ಟರು ಬಾಗಿಲಲ್ಲಿದ್ದರು.

"ವಯಸ್ಸಾದವರು ಹೀಗೆ ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇಲ್ಲಿನ ಕೆಲವು ಮಾತ್ರೆಗಳಿಂದಲೂ ಆ ಅಪಾಯ ಹೆಚ್ಚುತ್ತದೆ. ಉಜ್ಜಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಅಪಾಯ."

ರಕ್ತನಾಳಗಳನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಅದನ್ನೇ ಹೇಳಿತು.

ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಆರಂಭವಾಯಿತು. ಅವ್ವ ಕೆಮ್ಮಿದರೆ, ಹೆಪ್ಪು ಶ್ವಾಸಕೋಶಕ್ಕೆ ಹೋಯಿತೇನೋ ಎಂದು ನರ್ಸನ್ನು ಕರೆಯಲು ಓಡುತ್ತಿದ್ದೆ. ಚಿಕ್ಕವ್ವ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕುಳಿತಿದ್ದಳು.

"ನನ್ ಕೈಯೇ ಅಕ್ಕುನ್ನ ತಿಂದ್ಬುಡ್ತಿತ್ತಲ್ಲ ಮಗ."

"ಕಾಲ ಇಡ್ಕಂಡಿದ್ದೋಳು ನಾನು ಚಿಕ್ಕವ್ವ. ಮಲಗ್ಸಿದ್ದೋಳೂ ನಾನೇ."

ಇಂಜೆಕ್ಷನ್ ಶುರುವಾದ ಆರನೆಯ ದಿನ ಡಾಕ್ಟರು ನಡೆಸಲು ಹೇಳಿದರು. ಇಬ್ಬರೂ ಅವ್ವನ ತೋಳು ಹಿಡಿದು ವರಾಂಡಕ್ಕೆ ಕರೆತಂದೆವು. ನಾಲ್ಕು ಹೆಜ್ಜೆ. ಐದನೆಯದಕ್ಕೆ ಅವಳು ಕೈ ಕೊಸರಿಕೊಂಡಳು.

"ಕರ ಎಳ್ದಂಗ ಎಳೀತಿರಲ್ಲ! ಬುಡ್ರವ್ವ, ನಾನೇ ನಡೀತಿನಿ."

ಎಷ್ಟೋ ವಾರಗಳ ನಂತರದ ಮೊದಲ ಮಾತು.

ಈಗ ಊರಿನಲ್ಲಿದ್ದೇವೆ. ಖಿನ್ನತೆ ಪೂರ್ತಿ ಹೋಗಿಲ್ಲ. ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯ ಪ್ರಮಾಣ ನೋಡುವ ರಕ್ತ ಪರೀಕ್ಷೆಗೆಂದು ಚಾಮರಾಜನಗರದ ಬಸ್ಸು ಹತ್ತುತ್ತಲೇ ಇದ್ದೇವೆ. ಅವಳು ಜಗಲಿಯಲ್ಲಿ ಬಹಳ ಹೊತ್ತು ಕುಳಿತರೆ ನಾನು ಕೈ ಹಿಡಿದು ಎಬ್ಬಿಸುತ್ತೇನೆ. ಬೈಯುತ್ತಾಳೆ. ಬೈಯುತ್ತಲೇ ಬೇಲಿಯವರೆಗೆ ನಡೆದು ಬರುತ್ತಾಳೆ. ಸದ್ಯಕ್ಕೆ ನನಗೆ ಅಷ್ಟು ಸಾಕು.