ಚರಗಕ್ಕೆ ಹೊರಟ ಜೀಪು

ಎದುರುಮನೆಯವರು ಹೊಸ ಗಾಡಿ ತಂದಿದ್ದಾರೆ. ಮೊನ್ನೆ ಅದು ಎಲ್ಲೋ ಹೊಲಕ್ಕೆ ಹೋಗಿ ಬಂದು ನಿಂತಾಗ, ಗಾಲಿಗೆ ಮೆತ್ತಿದ ಎರೆಮಣ್ಣಿನ ವಾಸನೆ ನಮ್ಮ ಕಟ್ಟೆಯವರೆಗೂ ಬಂತು. ಮಾಲೀಕರು ಹೆಮ್ಮೆಯಿಂದ ಒಳಗಿನ ಗುಂಡಿಯೊಂದನ್ನು ತೋರಿಸಿದರು. ‘ಇದನ್ನ ಒತ್ತಿದ್ರ ಸಾಕ್ರಿ, ಎಂಥಾ ರಾಡ್ಯಾಗೂ ಹೋಗತೈತಿ.’ ಛಲೋ ಐತ್ರಿ ಎಂದೆ. ಆದರೆ ನನ್ನ ಕಣ್ಣು ಮುಂದಿನ ಗಾಲಿಯ ನಟ್ಟನಡುವೆ ಏನನ್ನೋ ಹುಡುಕುತ್ತಿತ್ತು. ಅದೇನೆಂದು ನಿಮಗೆ ತಿಳಿಯಬೇಕಾದರೆ ಮಾಳಮಡ್ಡಿಯ ನಮ್ಮ ಕಾಕಾನ ಜೀಪಿನ ಸುದ್ದಿ ಹೇಳಬೇಕು.

ತೊಂಬತ್ತರ ದಶಕದಲ್ಲೇ ಅದು ಮುದಿ ಜೀಪು. ಹೊರಟರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಇಳಿದ ಮೇಲೂ ನಮ್ಮ ಮೈ ನಡುಗುತ್ತಿತ್ತು. ಅದರ ಗುಣಗಾನಕ್ಕೆ ಕಾಕಾನಿಗೆ ಯಾರಾದರೂ ಸಿಕ್ಕರೆ ಸಾಕು. ಹೊಟ್ಟೆ ನೆಲದಿಂದ ಎತ್ತರ, ಕಲ್ಲು ತಾಗುವುದಿಲ್ಲ. ಮೂತಿ ಗಿಡ್ಡ, ಬದುವಿಗೆ ಬಡಿಯುವುದಿಲ್ಲ. ಗಾಲಿ ತೆಳು, ಮೇಲಿನ ರಾಡಿ ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಗೇರಿನ ಪಕ್ಕದ ಪುಟ್ಟ ಲಿವರ್ ಎಳೆದರೆ ನಾಲ್ಕೂ ಗಾಲಿ ಎಳೆಯುತ್ತವೆ. ‘ಓಡೂದಲ್ಲೋ, ಸಾವಕಾಶ ಹೋಗೂದು ಇದರ ತಾಕತ್ತು,’ ಎನ್ನುತ್ತಿದ್ದ.

ಅವನ ಹೆಂಡತಿ ಕಾಕು ಮಾತ್ರ ಮೂಗು ಮುರಿಯುತ್ತಿದ್ದಳು. ‘ಸೀರಿಗೆಲ್ಲಾ ಡೀಸೆಲ್ ನಾತ. ಮಾರ್ರಿ ಅದನ್ನ.’ ಕೇಳಿ ಕೇಳಿ ಕಾಕಾ ಸೋತ. ಶೀಗಿ ಹುಣ್ಣಿಮೆಯ ಮರುದಿನ ಅಮರಗೋಳದ ಗಿರಾಕಿಯೊಬ್ಬ ಬಂದು ಒಯ್ಯುವುದೆಂದು ಠರಾಯಿತು. ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಲು, ಅಂದರೆ ಬೆಳೆಯ ನಡುವೆ ಎಡೆಯ ಅಡುಗೆ ಎರಚಲು ಹೋಗುವುದೇ ಅದರ ಕೊನೆಯ ಸವಾರಿ. ಅಂದು ಬೆಳಿಗ್ಗೆ ಕಾಕಾ ಒರೆಸಿದ ಜೀಪನ್ನೇ ಮತ್ತೆ ಮತ್ತೆ ಒರೆಸುವುದನ್ನು ನೋಡಿ ನನಗೇ ಸಂಕಟವಾಯಿತು.

ಹಿಂದಿನ ದಿನ ಮಳೆಯಾಗಿತ್ತು. ಹೊಲ ಇನ್ನೂ ದೂರವಿರುವಾಗಲೇ ಜೀಪು ಎರೆಮಣ್ಣಿನಲ್ಲಿ ಸಿಕ್ಕಿಕೊಂಡಿತು. ಕಾಕಾ ಲಿವರ್ ಎಳೆದ. ಹಿಂದಿನ ಗಾಲಿಗಳು ಗರಗರ ತಿರುಗಿ ರಾಡಿ ಎರಚಿದವೇ ಹೊರತು ಮುಂದಿನವು ಕದಲಲಿಲ್ಲ. ಭೂಮಿತಾಯಿಗೆ ಚರಗ ಚೆಲ್ಲದೆ ಯಾರೂ ಉಣ್ಣುವಂತಿಲ್ಲ, ಬುಟ್ಟಿಯಲ್ಲಿ ನೋಡಿದರೆ ಕಡುಬು, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಘಮಘಮಿಸುತ್ತಿದ್ದವು. ಬುಟ್ಟಿ ಕಾಯುವ ಮಹತ್ತರ ಜವಾಬ್ದಾರಿ ನನ್ನದು. ಇಸ್ತ್ರಿ ಮಾಡಿದ ಪ್ಯಾಂಟಿನ ಚಿಂತೆ ಬೇರೆ.

‘ವಯಸ್ಸಾತು ಇದಕ್ಕ. ಹೋಗ್ಲಿ ಬಿಡು,’ ಎಂದು ಕಾಕಾ ಸ್ಟೀರಿಂಗಿನ ಮೇಲೆ ತಲೆಯಿಟ್ಟ.

ಕಾಕು ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ರಾಡಿಯಲ್ಲಿ ಕಾಲು ಕಿತ್ತಿಡುತ್ತ ಹೋಗಿ, ಮುಂದಿನ ಗಾಲಿಯ ನಡುವಿನ ಗುಂಡಿಯನ್ನು ಕೈಯಿಂದ ತಿರುವಿದಳು. ಆಚೆ ಬದಿಯದನ್ನೂ ತಿರುವಿದಳು. ಡಾಂಬರು ರಸ್ತೆಯಲ್ಲಿ ಡೀಸೆಲ್ ಉಳಿಯಲೆಂದು ಕಾಕಾ ಅವನ್ನು ಹಿಂದಕ್ಕೆ ತಿರುವಿ ಬಿಡಿಸಿಟ್ಟಿರುತ್ತಿದ್ದ. ಅವು ಕೂಡಿಕೊಳ್ಳದೆ ಎಷ್ಟು ಲಿವರ್ ಎಳೆದರೂ ಮುಂದಿನ ಗಾಲಿಗೆ ಎಂಜಿನ್ನಿನ ಜೋರು ಮುಟ್ಟುವುದಿಲ್ಲ. ಮಾರುವ ದುಃಖದಲ್ಲಿ ಮಹಾರಾಯ ಅದನ್ನೇ ಮರೆತಿದ್ದ.

‘ಇಷ್ಟು ವರ್ಷ ನಿಮ್ಮ ಭಾಷಣ ಕೇಳೇನಿ. ಈಗ ಹೊಡೀರಿ, ಸಾವಕಾಶ!’

ಜೀಪು ಗುರುಗುಟ್ಟುತ್ತ ಎದ್ದು ಬಂತು. ನಾವೆಲ್ಲ ಹೋ ಎಂದು ಕೂಗಿದೆವು. ಕಾಕು ಹತ್ತಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು, ‘ಈ ಕಡೆ ಬರ್ರಿ, ಈ ಕಡೆ’ ಎನ್ನುತ್ತ ಹೊಲದವರೆಗೂ ಅದರ ಮುಂದೆ ನಡೆದಳು. ಮರುದಿನ ಅಮರಗೋಳದ ಗಿರಾಕಿಗೆ ಅವಳೇ ಹೇಳಿದಳು: ‘ಗಾಡಿ ಕೊಡೂದಿಲ್ರಿ. ಚಹಾ ಕುಡದು ಹೋಗ್ರಿ.’ ಕಾಕಾ ಒಳಗೆ ಹೋಗಿ ಕಣ್ಣೊರೆಸಿಕೊಂಡ.

ಎದುರುಮನೆಯ ಗಾಡಿಯ ಗಾಲಿಯಲ್ಲಿ ಅಂಥ ಗುಂಡಿ ಇಲ್ಲ. ಯಾರೂ ರಾಡಿಗೆ ಇಳಿಯಬೇಕಾಗಿಲ್ಲ, ಅನುಕೂಲವೇ. ಆದರೂ ಒಳಗೆ ಬಂದವನು ಕಾಕುಗೆ ಫೋನ್ ಮಾಡಿ, ಈ ವರ್ಷ ಚರಗಕ್ಕೆ ನಾನೂ ಬರುತ್ತೇನೆಂದೆ.

‘ಬಾರಪ್ಪಾ, ಜೀಪು ತೊಳದಿಟ್ಟೇವಿ,’ ಎಂದಳು. ಹಿಂದೆ ಕಾಕಾ ನಗುವುದು ಕೇಳಿಸಿತು. ಕಾಕು ಮುಂದುವರಿಸಿದಳು: ‘ಇಸ್ತ್ರಿ ಪ್ಯಾಂಟು ಹಾಕ್ಕೊಂಡು ಬರಬ್ಯಾಡ ಮತ್ತ. ಈ ಸಲ ಇಳದು ತಿರುವೂ ಪಾಳಿ ನಿಂದು.’