ಅಮೀನರು ಬಂದ ದಿನ ಅಟ್ಟದ ಮೇಲೆ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಒಂದು ಹಗಲು ನಮ್ಮ ಮನೆಯ ಅಟ್ಟದ ಮೇಲೆ ಕೈದಿಯಾಗಿದ್ದೆ. ತಪ್ಪೇನೂ ಮಾಡಿರಲಿಲ್ಲ. ಜೊತೆಗೆ ಅಪ್ಪನ ಹೊಲಿಗೆ ಮಿಷನ್ನೂ ಅಡಗಿತ್ತು. ಅದು ಅಲುಗಾಡದಂತೆ, ಸದ್ದು ಮಾಡದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ನರಸಿಂಹರಾಜಪುರದ ಪೇಟೆಯಲ್ಲಿ ಅಪ್ಪ ದರ್ಜಿ. ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ನಿಂತಿದ್ದ. ಆ ಪುಣ್ಯಾತ್ಮ ಊರು ಬಿಟ್ಟ, ಕೋರ್ಟಿನ ಕಾಗದ ನಮ್ಮ ಮನೆಗೆ ಬಂತು. ಜಪ್ತಿಗೆ ಕೋರ್ಟಿನ ಅಮೀನರು ಬಂದರೆ ಸೂಜಿಯನ್ನೂ ಬಿಡುವುದಿಲ್ಲ ಎಂದು ಬೀದಿಯವರೆಲ್ಲ ಹೆದರಿಸಿದರು. ಅಪ್ಪ ನಂಬಿಬಿಟ್ಟ. ಮಿಷನ್ ಮಾರಿದೆ ಎಂದು ಒಂದು ತಿಂಗಳಿನಿಂದ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸುತ್ತಿದ್ದ.

ಅಮ್ಮ ಬಾಣಂತನಕ್ಕೆ ಕಿಗ್ಗದ ತವರಿನಲ್ಲಿದ್ದಳು; ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ. ಆ ಬೆಳಿಗ್ಗೆ ಅಮೀನರು ಬೀದಿಯ ತುದಿಯಲ್ಲಿ ಕಂಡದ್ದೇ ತಡ, ಅಪ್ಪ ಬಾಗಿಲು ಹಾಕಿ ಅಗುಳಿ ಜಡಿದ. “ಉಸಿರೆತ್ತಬೇಡ ಮಾರಾಯ” ಎಂದು ನನ್ನನ್ನು ಏಣಿ ಹತ್ತಿಸಿ, ಏಣಿಯನ್ನೂ ತೆಗೆದ. ಹೆಂಚು ಕಾದು ತಲೆ ಸುಡುತ್ತಿತ್ತು. ಹಳೆ ಹುಣಸೆಹಣ್ಣಿನ, ಮಿಷನ್ ಎಣ್ಣೆಯ ವಾಸನೆ. ಉಚ್ಚೆಗೆ ಅವಸರವಾದರೂ ಇಳಿಯುವಂತಿರಲಿಲ್ಲ. ಹಲಗೆಯ ಸಂದಿಯಿಂದ ಅಪ್ಪನ ಬೋಳುತಲೆ ಮಾತ್ರ ಕಾಣುತ್ತಿತ್ತು. ಅಷ್ಟು ದೊಡ್ಡ ಅಪ್ಪ ಅಲ್ಲಿಂದ ಬಹಳ ಚಿಕ್ಕವನಾಗಿ ಕಂಡ. ನನಗೆ ಅಳು ಬಂತು.

ಅಮೀನರು ಜಗಲಿಯಲ್ಲೇ ಕೂತರು. ಗಂಟೆಗಳು ಕಳೆದವು. ಕೊನೆಗೆ, “ಒಂದು ಚೊಂಬು ನೀರಾದ್ರೂ ಕೊಡಿ ಮಾರಾಯ್ರೆ” ಎಂಬ ದನಿ ಕೇಳಿತು. ಜಗಲಿಗೆ ಬಂದವರಿಗೆ ಬೆಲ್ಲ-ನೀರು ಕೊಡದ ಮನೆ ನಮ್ಮ ಕಡೆ ಇಲ್ಲ.

“ನೀರು ಕೇಳಿದವ್ರಿಗೆ ಇಲ್ಲ ಅನ್ನೂದು ಹ್ಯಾಂಗಪ್ಪ?” ಎಂದಳು ಅಕ್ಕ. ಅಪ್ಪ ಕೈ ಹಿಡಿಯುವಷ್ಟರಲ್ಲಿ ಅಗುಳಿ ಸರಿಸಿಯೂ ಆಯಿತು.

ಅಮೀನರು ಒಳಬಂದು, ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದರು. ಅಕ್ಕ ಕಾಗದ ಕೇಳಿ ಇಸಿದುಕೊಂಡು ಗಟ್ಟಿಯಾಗಿ ಓದಿದಳು. ಅವರು ಗೋಡೆ ಗಡಿಯಾರ, ಎರಡು ಕುರ್ಚಿ ಬರೆದುಕೊಂಡರು.

“ಪಾತ್ರೆ?” ಎಂದಳು ಅಕ್ಕ.

“ಅಡುಗೆ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ತಾಳಿ ಮುಟ್ಟೂ ಹಾಗಿಲ್ಲ ತಂಗಿ. ಕಸುಬಿನ ಸಾಮಾನೂ ಅಷ್ಟೆ. ಕತ್ತಲಾದ್ಮೇಲೆ ಮನೆ ಒಳಗೆ ಬರೂ ಹಾಗೂ ಇಲ್ಲ. ಈ ಪಟ್ಟಿಯ ನಕಲು ಇಟ್ಕೊ.” ಆಮೇಲೆ ಅಪ್ಪನ ಕಡೆ ತಿರುಗಿದರು. “ಅಲ್ಲ ಸ್ವಾಮಿ, ನಿಮ್ಮ ಮಿಷನ್ ಎಲ್ಲಿ?”

“ಮಾರಿದೆ” ಎಂದ ಅಪ್ಪ.

“ಎಂತಕ್ಕೆ ಮಾರಿದ್ರಿ? ಅನ್ನ ಕೊಡೂ ಸಾಮಾನನ್ನ ಕಾನೂನೇ ಬಿಟ್ಟಿದೆಯಲ್ಲ!”

ನನಗೆ ತಡೆಯಲಾಗಲಿಲ್ಲ. “ಮಾರಿಲ್ಲ! ಇಲ್ಲೇ ಇದೆ!” ಎಂದು ಮೇಲಿನಿಂದ ಕಿರುಚಿಬಿಟ್ಟೆ.

ಯಾರೂ ನಗಲಿಲ್ಲ. ಏಣಿ ಇಟ್ಟು ಅಪ್ಪನೇ ಹತ್ತಿ ಬಂದ. ಬೈಯುತ್ತಾನೆಂದುಕೊಂಡೆ. ಅವನು ಮಿಷನ್ನಿನ ಪಕ್ಕ ಕೂತು ಮುಖ ಮುಚ್ಚಿಕೊಂಡ. ಆ ತಿಂಗಳು ವಾಪಸ್ ಹೋದ ಶಾಲೆಯ ಸಮವಸ್ತ್ರದ ಕೆಲಸ ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ. ಅಮೀನರು ಒಯ್ದದ್ದಕ್ಕಿಂತ ಹೆದರಿಕೆ ಒಯ್ದದ್ದೇ ಜಾಸ್ತಿ.

ಈಗ ನಿಮ್ಮ ಕಾಲದಲ್ಲಿ ಸಾಲ ವಸೂಲಿಯವರು ಜಗಲಿಗೆ ಬರುವ ಮೊದಲೇ ಫೋನಿನೊಳಗೆ ಬರುತ್ತಾರೆ. ಅವರಿಗೂ ನಿಯಮವಿದೆ ಮಕ್ಕಳೇ. ಹೊತ್ತಲ್ಲದ ಹೊತ್ತಿನಲ್ಲಿ ಕಾಡುವಂತಿಲ್ಲ, ಬೈದು ಬೆದರಿಸುವಂತಿಲ್ಲ. ಆದರೆ ಹೋದ ವಾರ ಅವರ ಫೋನ್ ಬಂದಾಗ “ಅಪ್ಪ ಮನೇಲಿಲ್ಲ” ಎಂದು ನೀವು ಹೇಳಿದಿರಿ. ನಿಮ್ಮ ಅಪ್ಪ, ನನ್ನ ಮಗ, ಪಕ್ಕದಲ್ಲೇ ಕೂತಿದ್ದ. ಅವನ ಮುಖವನ್ನು ನೀವು ನೋಡಲಿಲ್ಲ, ನಾನು ನೋಡಿದೆ; ಅಟ್ಟದಿಂದ ಕಂಡ ನಮ್ಮಪ್ಪನ ಹಾಗೇ ಚಿಕ್ಕವನಾಗಿದ್ದ. ಇನ್ನು ಯಾರು ಕೇಳಿದರೂ “ಇದ್ದಾರೆ” ಎನ್ನಿ. ಅವನ ಪಕ್ಕದಲ್ಲಿ ನಾನೂ ಕೂತಿರುತ್ತೇನೆ.