ಅಪ್ಪ ಕತ್ತರಿಸಿದ ಕ್ಯಾಸೆಟ್ಟು

ಅಪ್ಪನಿಗೆ ಶಿವಾಜಿನಗರದಲ್ಲಿ ಕ್ಯಾಸೆಟ್ ಅಂಗಡಿ ಇತ್ತು. ಸಿಕ್ಕುಬಿದ್ದು ಹಾಳಾದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಒಳ್ಳೆಯ ತುದಿಗಳನ್ನು ಸೇರಿಸಿ ಅಂಟಿಸುವುದರಲ್ಲಿ ಅವರದು ಪಳಗಿದ ಕೈ. ತೊಂಬತ್ತರ ದಶಕದ ಒಂದು ಭಾನುವಾರ, ಹಲಸೂರಿನ ನಮ್ಮ ಅಡುಗೆಮನೆಯಲ್ಲಿ ಅಮ್ಮನ ಸೋಬಾನೆ ಹಾಡುಗಳನ್ನು ರೆಕಾರ್ಡ್ ಮಾಡಿದರು. ಅಮ್ಮನೋ, ಹಾಡುತ್ತಿದ್ದರೂ ಮನೆಯ ಉಸ್ತುವಾರಿ ಬಿಡುವವಳಲ್ಲ. ಹಾಡಿನ ನಡುವೆಯೇ "ರೀ, ಹಾಲು ನೋಡ್ಕೊಳ್ರೀ" ಅಂದಳು. "ಪುಟ್ಟಿ, ತಲೆ ಬಾಚ್ಕೊಂಡ್ಯಾ?" ಎಂದು ನನ್ನನ್ನು ಗದರಿದಳು.

ಗಿರಾಕಿಗಳ ಟೇಪಾದರೆ ಅಪ್ಪ ಮೊದಲು ನಕಲು ಮಾಡಿಕೊಂಡು, ಆ ನಕಲನ್ನಷ್ಟೇ ಕತ್ತರಿಸುತ್ತಿದ್ದರು. "ಕಾಪಿ ಮಾಡಿದ್ರೆ ಇವಳ ದನಿ ಮಂಕಾಗ್ಬಿಡುತ್ತೆ" ಎಂದು ಇದೊಂದಕ್ಕೆ ಮಾತ್ರ ಮೂಲ ಟೇಪಿಗೇ ಬ್ಲೇಡು ಹಾಕಿದರು. ಮಾತಿನ ತುಂಡುಗಳೆಲ್ಲ ಕಸದ ಬುಟ್ಟಿ ಸೇರಿದವು. ಬರೀ ಹಾಡು ಉಳಿದದ್ದು ಕೇಳಿ ಅಮ್ಮನಿಗೂ ಖುಷಿಯಾಗಿತ್ತು.

ಅಮ್ಮ ತೀರಿಕೊಂಡ ಮೇಲೆ, ಎರಡು ಸಾವಿರದ ಇಸವಿಯ ಈಚೆಗೆ, ನಾನು ಜೀವಶಾಸ್ತ್ರದ ಎಂ.ಎಸ್ಸಿ. ಸೇರಿದೆ. ಒಂದು ದಿನದ ಪಾಠ ನನಗೆ ಬಹಳ ಹಿಡಿಸಿತು. ಜೀನಿನಲ್ಲಿ ಪ್ರೋಟೀನು ಕಟ್ಟಲು ಬೇಕಾದ ಬರಹ ತುಂಡು ತುಂಡಾಗಿರುತ್ತದೆ, ನಡುನಡುವೆ ಬೇಡದ್ದೂ ಇರುತ್ತದೆ. ಜೀವಕೋಶ ಅದರ ನಕಲು ತೆಗೆದು, ಆ ಬೇಡದ್ದನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸುತ್ತದೆ. ಜೋಡಣೆ ಎಲ್ಲ ಕಡೆ ಒಂದೇ ಅಲ್ಲ. ಮಿದುಳು ಕೈಬಿಟ್ಟ ತುಂಡನ್ನು ಸ್ನಾಯು ಇಟ್ಟುಕೊಳ್ಳಬಹುದು. ಹೀಗೆ ಒಂದೇ ಜೀನಿನಿಂದ ಹಲವು ಬಗೆಯ ಪ್ರೋಟೀನು. ಹಳೆಯದನ್ನು ಉಳಿಸಿಕೊಂಡೇ ಹೊಸ ಜೋಡಣೆಯೊಂದನ್ನು ಪರೀಕ್ಷಿಸುವ ಈ ಅನುಕೂಲ ಜೀವವಿಕಾಸಕ್ಕೂ ಒದಗಿಬಂದಿದೆ.

ಸಂಜೆ ಉತ್ಸಾಹದಿಂದ ಅಂಗಡಿಗೆ ಹೋದೆ. "ಅಪ್ಪ, ನಿಮ್ಮ ಕೆಲಸಾನೇ ಜೀವಕೋಶಾನೂ ಮಾಡುತ್ತೆ" ಎಂದು ಎಲ್ಲ ವಿವರಿಸಿದೆ.

ಅಪ್ಪ ಗಮನವಿಟ್ಟು ಕೇಳಿದರು. "ಹಂಗಾದ್ರೆ ಒರಿಜಿನಲ್ ಏನಾಗುತ್ತೆ?"

"ಅದನ್ನ ಮುಟ್ಟೋದೇ ಇಲ್ಲ. ಬೇಕಾದಾಗ ಇನ್ನೊಂದು ಕಾಪಿ ತಗೊಂಡು ಬೇರೆ ಥರ ಜೋಡಿಸ್ಬಹುದು."

ಅಪ್ಪ ಗಾಜಿನ ಕಪಾಟನ್ನು ಒರೆಸುತ್ತಾ ನಿಂತರು. ಏನು ಹೇಳಿಬಿಟ್ಟೆ ಎಂದು ನನಗೆ ಆಗ ಹೊಳೆಯಿತು.

ಮನೆಗೆ ಬಂದು ಅಪ್ಪನೇ ಆ ಕ್ಯಾಸೆಟ್ಟು ಹಾಕಿದರು. ಅಮ್ಮನ ದನಿ ನಿಜಕ್ಕೂ ಮಂಕಾಗಿರಲಿಲ್ಲ. ಒಂದು ಜೋಡಣೆ ಬರುವಾಗ ಅಪ್ಪ ವಾಲ್ಯೂಮ್ ಏರಿಸಿದರು.

"ಇಲ್ಲೇ ಅಲ್ವಾ ಹಾಲು ಅಂದಿದ್ದು?"

ಹಾಡು ಒಂದಿಷ್ಟೂ ತಡೆಯದೆ ಮುಂದಿನ ಸಾಲಿಗೆ ಹೋಯಿತು. ಅಷ್ಟು ಚೆನ್ನಾಗಿ ಅಂಟಿಸಿದ್ದರು. ನನಗೆ ಹಾಡು ಬೇಕಿರಲಿಲ್ಲ. ತಲೆ ಬಾಚಿಕೊಂಡೆಯಾ ಎಂದು ಅವಳು ಇನ್ನೊಂದು ಸಲ ಗದರಬೇಕಿತ್ತು.